ಅತ್ತಿಗೆಯ ಕಾಲ್ಗುಣ, ನನ್ನ ಕರುಳು

ನನ್ನ ಕಾಯಿಲೆ ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದರೆ, ಈಗಲೂ ನಾಲಿಗೆಗೆ ಮೊದಲು ಬರುವ ಉತ್ತರ: ಅಣ್ಣನ ಮದುವೆಯಾಗಿ ಅತ್ತಿಗೆ ಮನೆಗೆ ಬಂದ ಮರುವಾರ. ಅದು ಸುಳ್ಳು. ಸುಳ್ಳೆನ್ನುವುದಕ್ಕೆ ನನ್ನದೇ ಕೈಬರಹದ ಸಾಕ್ಷಿ ಇದೆ. ಐವತ್ತು ವರ್ಷ ಕಳೆದ ಮೇಲೂ ನಾಲಿಗೆ ಮೊದಲು ಅಲ್ಲಿಗೇ ಹೋಗುತ್ತದೆ.

ಮೊನ್ನೆ ಪಕ್ಕದ ಮನೆಯ ಹುಡುಗಿಗೂ ಇದೇ ಕಾಯಿಲೆ ಎಂದು ಗೊತ್ತಾಯಿತು. ಹತ್ತೊಂಬತ್ತು ವರ್ಷದವಳು. ದೊಡ್ಡ ಕರುಳಿನ ಒಳಗೋಡೆ ಹುಣ್ಣಾಗಿ ರಕ್ತ ಹೋಗುವ ಕಾಯಿಲೆ; ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ಬರುವಂಥದ್ದು. ನೋಡಲು ಹೋಗಿದ್ದೆ. ಅವಳ ಅಜ್ಜಿ ಕಾಫಿ ಕೊಡುತ್ತಾ, "ಬೀದೀಲಿ ಸಿಕ್ಕಿದ್ದೆಲ್ಲ ತಿಂದ್ರೆ ಇನ್ನೇನಾಗತ್ತೆ ಹೇಳಿ ಮೇಷ್ಟ್ರೇ" ಎಂದರು. ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಹಾಗೆ ತಿರುಗಿದ ಬೆನ್ನನ್ನು ನಾನು ಹಿಂದೊಮ್ಮೆ ನೋಡಿದ್ದೆ. ಅದು ನನ್ನ ಅತ್ತಿಗೆಯದು. ಮನೆಗೆ ಬಂದವನೇ ಅಟ್ಟದ ಪೆಟ್ಟಿಗೆಯಿಂದ ಹಳೆಯ ಎರಡು ಡೈರಿ ಇಳಿಸಿದೆ. ಒಂದು ಅಣ್ಣನ ಮದುವೆಯ ವರ್ಷದ್ದು, ಇನ್ನೊಂದು ಅದರ ಹಿಂದಿನ ವರ್ಷದ್ದು.

ನಾವು ಕೇತಮಾರನಹಳ್ಳಿಯವರು. ಈಗ ಅದು ರಾಜಾಜಿನಗರದೊಳಗೆ ಎಲ್ಲೋ ಸಿಕ್ಕಿಕೊಂಡಿರುವ ನಾಲ್ಕು ಬೀದಿ. ಆಗ ರಾಜಾಜಿನಗರವೇ ಇನ್ನೂ ಕಲ್ಲು ನೆಟ್ಟ ಬಯಲು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಿಗೆ ಹೋಗಿ, ಅಲ್ಲಿ ಸೈಟಿನ ನಂಬರು ಕೊರೆದ ಗಿಡ್ಡ ಕಲ್ಲುಗಳು ಸಾಲಾಗಿ ನಿಂತಿದ್ದವು. ಅದನ್ನು ನೋಡಲು ಅಪ್ಪ ಉಳಿದಿರಲಿಲ್ಲ. ಅಣ್ಣ ಹತ್ತಿರದಲ್ಲೇ ಹೊಸದಾಗಿ ಎದ್ದಿದ್ದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ನಾನು ಸಿಟಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ವರ್ಷವನ್ನೆಲ್ಲ ಹಬ್ಬಗಳಾಗಿ ಮಾಡಿ ಬೆರಳ ಗೆಣ್ಣಿನ ಮೇಲೆ ಇಟ್ಟುಕೊಂಡಿದ್ದಳು.

ಶಿವರಾತ್ರಿ ಕಳೆದ ಮೇಲೆ ಕೆಂಗೇರಿಯಲ್ಲಿ, ಹೆಣ್ಣಿನ ಮನೆಯ ಮುಂದಿನ ಚಪ್ಪರದಲ್ಲಿ, ಅಣ್ಣನ ಮದುವೆಯಾಯಿತು. ಅತ್ತಿಗೆಯ ಹೆಸರು ಜಯಮ್ಮ. ನನಗಿಂತ ಆರು ತಿಂಗಳಿಗೆ ದೊಡ್ಡವಳು. ಆ ಆರು ತಿಂಗಳ ಹಿರಿತನವನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಬಂದ ದಿನವೇ, "ನೋಡು ರಾಮಣ್ಣ, ನೀನು ಎಷ್ಟೇ ಓದಿದ್ರೂ ನನಗೆ ಚಿಕ್ಕೋನು. ತಟ್ಟೆ ತೊಳ್ದಿಡು" ಎಂದಿದ್ದಳು.

ಅವಳು ಬಂದ ಒಂಬತ್ತನೆಯ ದಿನ ನಾನು ಮಲಗಿಬಿಟ್ಟೆ.

ಹೇಳಿಕೊಳ್ಳಲು ನಾಚಿಕೆಯಾಗುವ ಕಾಯಿಲೆ ಇದು. ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಮನೆಗಾಗ ಪಾಯಿಖಾನೆ ಇರಲಿಲ್ಲ. ಊರಿನವರೆಲ್ಲ ಚೊಂಬು ಹಿಡಿದು ಬಯಲಿಗೆ ಹೋಗುವವರು. ಎಲ್ಲರೂ ದಿನಕ್ಕೊಮ್ಮೆ ಹೋದರೆ ನಾನು ಹನ್ನೆರಡು ಸಲ. ಹೊಟ್ಟೆ ಹಿಂಡಿಕೊಂಡು ಬಂದಾಗ ಕಾಯುವ ಮಾತೇ ಇಲ್ಲ. ಯಾವ ಪೊದೆ ಎಷ್ಟು ಹೆಜ್ಜೆ ದೂರ ಎಂಬುದು ನನಗೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ವಾರಕ್ಕೊಂದರಂತೆ ಯಾರೋ ಸೈಟಿನವರು ಬಂದು ಪೊದೆ ಕಡಿಸಿ ಪಾಯ ತೋಡಿಸುತ್ತಿದ್ದರು. ಬೇರೆಯವರಿಗೆ ಊರು ಬೆಳೆಯುತ್ತಿತ್ತು. ನನಗೆ ಮರೆ ಕಡಿಮೆಯಾಗುತ್ತಿತ್ತು.

ಒಮ್ಮೆ ಕೋಟು ಹಾಕಿದ ಸಿಟಿಯವರೊಬ್ಬರು ಮೇಸ್ತ್ರಿಯ ಜೊತೆ ಟೇಪು ಹಿಡಿದು ಬಂದವರು ನನ್ನನ್ನು ಕಂಡು ಕೂಗಿದರು: "ಯಾರಯ್ಯ ಅದು? ಏಳು ಮೇಲೆ! ಅದು ದೇವರಮನೆ ಕಣಯ್ಯ!"

ನೋಡಿದರೆ ಸುತ್ತ ಸುಣ್ಣದ ಪುಡಿಯಲ್ಲಿ ಕಟ್ಟಲಿರುವ ಮನೆಯ ಗೆರೆ ಎಳೆದಿದ್ದರು. ನಾನು, "ಇದು ನಮ್ಮಪ್ಪನ ಹೊಲ ಸಾರ್" ಎಂದೆ.

ನೂರಾರು ಸಲ ಈ ಕತೆ ಹೇಳಿ ಜನರನ್ನು ನಗಿಸಿದ್ದೇನೆ. ಡೈರಿಯಲ್ಲಿ ಇರುವುದು ಇಷ್ಟೇ: "ಸೈಟಿನವರು ಬೈದರು. ಒಂಬತ್ತು ಸಲ." ಒಂಬತ್ತು ಎಂದರೆ ಆ ದಿನ ಬಯಲಿಗೆ ಹೋದ ಲೆಕ್ಕ; ದಿನವೂ ಬರೆದಿಡುತ್ತಿದ್ದೆ. ಹಾಗಾದರೆ ಆ ಉತ್ತರ ನಾನು ಕೊಟ್ಟೆನೋ, ಕೊಡಬೇಕಾಗಿತ್ತು ಎಂದು ಆಮೇಲೆ ಅಂದುಕೊಂಡೆನೋ? ಗೊತ್ತಿಲ್ಲ. ಈ ಬರಹದಲ್ಲಿ ಅಂಥ ಜಾಗಗಳು ಇನ್ನೂ ಇವೆ.

ಒಂದು ಸಂಗತಿ ಮಾತ್ರ ಡೈರಿಯಲ್ಲೂ ಇದೆ, ನೆನಪಿನಲ್ಲೂ ಇದೆ. ಹಿತ್ತಲ ಬಾಗಿಲ ಪಕ್ಕ ಒಂದು ಹಿತ್ತಾಳೆ ಚೊಂಬು ಇರುತ್ತಿತ್ತು. ಮೊದಲ ಕೆಲವು ದಿನ ನಾನು ಅವಸರದಲ್ಲಿ ಅದನ್ನು ಎತ್ತಿಕೊಂಡರೆ ಖಾಲಿ; ಹಂಡೆಯ ಹತ್ತಿರ ಹೋಗಿ ತುಂಬಿಕೊಳ್ಳುವಷ್ಟರಲ್ಲಿ ಅನಾಹುತವಾಗುತ್ತಿತ್ತು. ಆಮೇಲೆ ಯಾವಾಗ ಎತ್ತಿಕೊಂಡರೂ ಅದು ತುಂಬಿರುತ್ತಿತ್ತು. ಯಾರು ತುಂಬಿಸುತ್ತಾರೆ ಎಂದು ನಾನು ಕೇಳಲಿಲ್ಲ, ಅತ್ತಿಗೆಯೂ ಹೇಳಲಿಲ್ಲ.

ಮಾಗಡಿ ರಸ್ತೆಯ ಡಾಕ್ಟರು ಆಮಶಂಕೆ ಎಂದರು. ಆಗ ಯಾರು ನೋಡಿದ್ದರೂ ಹಾಗೇ ಹೇಳುತ್ತಿದ್ದರೋ ಏನೋ. ಸೊಂಟಕ್ಕೆ ಸೂಜಿ. ಪಕ್ಕಕ್ಕೆ ಡೋಸಿನ ಅಳತೆಗೆ ಕತ್ತರಿಸಿದ ಕಾಗದದ ಗುರುತು ಅಂಟಿಸಿದ ಸೀಸೆಯಲ್ಲಿ ಕೆಂಪು ಮಿಕ್ಸ್ಚರು. ಗಂಜಿ, ಮಜ್ಜಿಗೆ ಬಿಟ್ಟು ಇನ್ನೇನೂ ಕೂಡದು. ಮುದ್ದೆ ಉಂಡು ಬೆಳೆದವನಿಗೆ ಮುದ್ದೆಯ ವಾಸನೆ ಬಂದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಪರೀಕ್ಷೆಯನ್ನು ಬಾಗಿಲ ಪಕ್ಕದ ಬೆಂಚು ಕೇಳಿಕೊಂಡು ಹೇಗೋ ಬರೆದೆ. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ತೆಳ್ಳಗಾದೆ.

ಆಗ ಅವ್ವ ಆ ಮಾತು ಆಡಿದಳು. ನಾನು ನಡುಮನೆಯಲ್ಲಿ ಮಲಗಿದ್ದೆ. ಅತ್ತಿಗೆ ಒಲೆಯ ಮುಂದೆ ಕೂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಏಳವ್ವ ಜಯಮ್ಮ. ನಾಳೆಯಿಂದ ಒಲೆ ನಾನು ನೋಡ್ಕೋತೀನಿ."

"ಯಾಕತ್ತೆ, ಖಾರ ಜಾಸ್ತಿ ಆಯ್ತಾ?"

"ಖಾರದ್ದಲ್ಲ. ನೀ ಕಾಲಿಟ್ಟ ಒಂಬತ್ನೇ ದಿನಕ್ಕೆ ನನ್ ಮಗ ಹಾಸ್ಗೆ ಹಿಡ್ದ. ಅದು ನಿನ್ ಕಾಲ್ಗುಣವೋ ಕೈಗುಣವೋ, ನಾ ಏನು ಕಂಡಿದೀನಿ? ಊರೋರು ಕೇಳ್ತಾರೆ."

ನಮ್ಮಲ್ಲಿ ಅದು ಬೈಗುಳ ಆಗಿರಲಿಲ್ಲ, ಒಂದು ಲೆಕ್ಕ. ಸೊಸೆ ಹೊಸಿಲು ದಾಟಿದ ಮೇಲೆ ಹಸು ಈದರೆ ಅವಳ ಕಾಲ್ಗುಣ, ಬಾವಿ ಬತ್ತಿದರೂ ಅವಳ ಕಾಲ್ಗುಣ. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ನೋಡುತ್ತಿದ್ದರು, ಅಷ್ಟೇ. ಅತ್ತಿಗೆ ಸೌಟು ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಕೂತಳು. ನಾನು ಹೇಳಿದ ಬೆನ್ನು ಅದೇ.

ಆ ದಿನ ನಾನು ಬರೆದದ್ದು: "ಅವ್ವ ಅತ್ತಿಗೆಯನ್ನು ಒಲೆಯಿಂದ ಎಬ್ಬಿಸಿದಳು. ಏಳು ಸಲ." ಬೇರೇನೂ ಇಲ್ಲ.

ಈಗ ಹಿಂದಿನ ವರ್ಷದ ಡೈರಿ ತೆರೆಯುತ್ತೇನೆ. ಮದುವೆಗೆ ನಾಲ್ಕು ತಿಂಗಳು ಮುಂಚಿನ ದೀಪಾವಳಿ: "ಕಜ್ಜಾಯ ಜಾಸ್ತಿಯಾಯಿತು. ಹೊಟ್ಟೆ ಕೆಟ್ಟಿದೆ. ರಕ್ತ ಕಂಡ ಹಾಗಾಯಿತು. ಯಾರಿಗೂ ಹೇಳಿಲ್ಲ." ಹತ್ತು ದಿನ ಬಿಟ್ಟು: "ಮತ್ತೆ." ಅದರ ಮುಂದಿನ ವಾರ: "ಮತ್ತೆ. ಮೂಲವ್ಯಾಧಿ ಇರಬೇಕು, ಕೂತು ಓದಿ ಓದಿ."

ಅಂದರೆ ನನಗೆ ಗೊತ್ತಿತ್ತು. ಮನೆಯಲ್ಲಿ ಹೇಳಿದರೆ ಅವ್ವ ಕಾಲೇಜು ಬಿಡಿಸುತ್ತಾಳೆ ಎಂಬ ಭಯಕ್ಕೆ ಮುಚ್ಚಿಟ್ಟಿದ್ದೆ. ಅತ್ತಿಗೆಯ ಮೇಲೆ ಆ ಮಾತು ಬಂದಾಗ ನಾನು ಅದನ್ನು ಮರೆತಿದ್ದೆನೇ? ಮರೆತಿದ್ದೆ ಎಂದು ಬಹಳ ಕಾಲ ಹೇಳಿಕೊಂಡೆ. ಮರೆವು ಅಷ್ಟು ಅನುಕೂಲಕ್ಕೆ ಬರುವುದಿಲ್ಲ ಎಂದು ಈಗ ಅನ್ನಿಸುತ್ತದೆ. ಬಾಯಿ ಬಿಟ್ಟರೆ, ಇಷ್ಟು ದಿನ ಯಾಕೆ ಬಚ್ಚಿಟ್ಟೆ ಎಂಬ ಪ್ರಶ್ನೆ ನನ್ನ ಕಡೆ ತಿರುಗುತ್ತಿತ್ತು. ಬಿಡದಿದ್ದರೆ ಹೋಗುವುದು ಅವಳ ಸಂಸಾರ. ನಾನು ಬಿಡಲಿಲ್ಲ.

ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ಅತ್ತೆಯ ಜೊತೆ ಇರುವ ಹಾಗಿಲ್ಲವಾದ್ದರಿಂದ ಪದ್ಧತಿಯಂತೆ ತವರಿಗೆ ಹೋದಳು. ಯಾರೂ ಓಡಿಸಲಿಲ್ಲ. ಅವಳು ಹೋದ ವಾರದಲ್ಲೇ ನನ್ನ ರಕ್ತ ನಿಂತಿತು. ಹನ್ನೆರಡಿದ್ದದ್ದು ನಾಲ್ಕಕ್ಕೆ ಇಳಿಯಿತು, ಆಮೇಲೆ ಎರಡಕ್ಕೆ. ಈ ಕಾಯಿಲೆಯ ಗುಣವೇ ಹಾಗೆ, ತಾನಾಗಿ ಅಡಗುತ್ತದೆ, ತಾನಾಗಿ ಏಳುತ್ತದೆ. ಅದು ಯಾರಿಗೆ ಗೊತ್ತಿತ್ತು? ಅವ್ವ ಅರ್ಧ ಮುದ್ದೆ ತಟ್ಟೆಗೆ ಹಾಕಿ, ನಾನು ತಿಂದು ಅರಗಿಸಿಕೊಂಡದ್ದನ್ನು ನೋಡಿ, "ಕಂಡ್ಯಾ?" ಎಂದಳು. ಅಷ್ಟೇ ಅಂದದ್ದು. ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಬೇಕು: ಬಿ.ಎ. ಓದಿದ ನಾನೂ ಆ ತಿಂಗಳು ಅವಳ ಕಾಲ್ಗುಣವನ್ನು ನಂಬಿದೆ. ಮುದ್ದೆ ರುಚಿಯಾಗಿತ್ತು.

ಶ್ರಾವಣ ಬಂದರೆ ಸೊಸೆಯನ್ನು ಕರೆಯಲು ಗಂಡನ ಮನೆಯಿಂದ ಯಾರಾದರೂ ಹೋಗಬೇಕು. ಕರೆಯದೆ ಅವಳಾಗಿ ಬರುವಂತಿಲ್ಲ. ಮೊದಲ ಸೋಮವಾರ ಕಳೆಯಿತು, ಎರಡನೆಯದೂ ಕಳೆಯಿತು. ಅವ್ವ ಆ ಮಾತೇ ಎತ್ತಲಿಲ್ಲ. ಒಂದು ದಿನ ಅಣ್ಣನಿಗೆ ಊಟಕ್ಕೆ ಬಡಿಸುತ್ತಾ, "ನಿಮ್ ಸೋದರಮಾವ ನಿಂಗೆ ಬೇರೆ ಕಡೆ ಹೆಣ್ಣು ನೋಡಾನ ಅಂತವ್ನೆ" ಎಂದಳು. ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಎದುರು ಮಾತಾಡುವ ಜಾತಿಯಲ್ಲ ಅವನು. ಆದರೆ ವಾರದ ರಜದ ದಿನ ಓವರ್‌ಟೈಮು ಎಂದು ಹೇಳಿ ಸೈಕಲ್ಲು ಹತ್ತುತ್ತಿದ್ದ. ಸಂಜೆ ಬರುವಾಗ ಸೈಕಲ್ಲಿನ ಚಕ್ರಕ್ಕೆ ಕೆಂಗೇರಿ ಕಡೆಯ ಕೆಂಪು ಮಣ್ಣು ಮೆತ್ತಿರುತ್ತಿತ್ತು. ಅದನ್ನು ಅವ್ವ ನೋಡಲಿಲ್ಲವೋ, ನೋಡಿಯೂ ಸುಮ್ಮನಿದ್ದಳೋ.

ಮೂರನೆಯ ಸೋಮವಾರ ನನ್ನ ಹೊಟ್ಟೆ ಮತ್ತೆ ಎದ್ದಿತು. ಈ ಸಲ ಹದಿನಾರು. ಅತ್ತಿಗೆ ಎಂಟೊಂಬತ್ತು ಮೈಲಿ ದೂರ ಇದ್ದಳು. ಚೊಂಬು ಖಾಲಿ ಇತ್ತು. ಹಿತ್ತಲಲ್ಲೇ ಕಣ್ಣು ಕತ್ತಲಿಟ್ಟು ಬಿದ್ದವನನ್ನು ಅಣ್ಣ ಜಟಕಾದಲ್ಲಿ ಹಾಕಿಕೊಂಡು ಸಿಟಿಯ ದೊಡ್ಡಾಸ್ಪತ್ರೆಗೆ ಒಯ್ದ.

ಅಲ್ಲಿನ ಕಾಯುವ ವರಾಂಡ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದನೆಯ ಮರದ ಬೆಂಚು, ಫಿನಾಯಿಲ್ ವಾಸನೆ, ಮಡಿಲಲ್ಲಿ ಕಿತ್ತಲೆ ಹಣ್ಣು ಇಟ್ಟುಕೊಂಡ ಹೆಂಗಸರು. ಬೆಂಚಿನ ತುದಿಯಲ್ಲಿ ಕತ್ತಿಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದ ದರ್ಜಿಯೊಬ್ಬರು ಕೂತಿದ್ದರು. ನಾನು ಮೂರನೆಯ ಸಲ ಎದ್ದು ಓಡಿ ಬಂದಾಗ ತಮ್ಮ ಜಾಗ ಬಿಟ್ಟುಕೊಟ್ಟರು.

"ಇಲ್ಲಿ ಕೂತ್ಕೋ ತಮ್ಮಾ. ಬಾಗ್ಲು ಹತ್ರ ಜಾಗ ಹಿಡಿಯೋದೇ ಈ ಕಾಯ್ಲೆಗೆ ಮೊದಲ್ನೇ ಔಷಧಿ."

"ನಿಮಗೂನಾ?"

"ಹದಿನಾಲ್ಕು ವರ್ಷ. ನಾನು ಹೋಟ್ಲಲ್ಲಿ ಒಂದು ಲೋಟ ನೀರು ಕುಡ್ದೋನಲ್ಲ. ನಮ್ಮ ಮನೇಲಿ ಇನ್ನೂ ಹೇಳ್ತಾರೆ, ಏನೋ ಕದ್ದು ತಿಂದಿದೀಯ ಅಂತ." ಹೇಳಿ ಅವರೇ ಜೋರಾಗಿ ನಕ್ಕರು. "ಹದಿನಾಲ್ಕು ವರ್ಷದಲ್ಲಿ ಮೂರು ಮಕ್ಕಳ ಮದುವೆ ಬಟ್ಟೆ ಹೊಲ್ದಿದೀನಿ. ಸಾಯೋಲ್ಲ ಬಿಡು."

ಸಾಯುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ಅವರು. ಅವರ ಹೆಸರು ಕೇಳಿಕೊಳ್ಳಲಿಲ್ಲ.

ಪರೀಕ್ಷೆಯ ವಿವರ ಬೇಡ. ಮಂಡಿಯೂರಿ ಬಗ್ಗಿದವನ ಹಿಂದೆ ದೀಪದ ಕೊಳವೆ ಹಿಡಿದು ಡಾಕ್ಟರು ಬಹಳ ಹೊತ್ತು ನೋಡಿದರು. ಎಕ್ಸ್‌ರೇ ಆಯಿತು. ಮೂರನೆಯ ದಿನ ವಾರ್ಡಿನಲ್ಲಿ ನನ್ನ ಮಂಚದ ಪಕ್ಕ ಬಂದು ನಿಂತರು. ಅವ್ವ ನೆಲದ ಮೇಲೆ ಕೂತಿದ್ದವಳು ಸೆರಗು ಹೊದ್ದು ಎದ್ದಳು.

"ಇದು ಆಮಶಂಕೆ ಅಲ್ಲಮ್ಮ. ಕರುಳಿನ ಹುಣ್ಣು. ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲ. ಆದರೆ ಹಿಡಿತದಲ್ಲಿ ಇಟ್ಕೋಬಹುದು. ಬೊಂಬಾಯಿಂದ ಮಾತ್ರೆ ತರಿಸಬೇಕು."

"ಯಾರಿಗೆ ಬತ್ತದೆ ಸ್ವಾಮಿ ಇದು? ಏನ್ ತಿಂದ್ರೆ?"

"ಇವನ ವಯಸ್ಸಿನವರಿಗೆ ಜಾಸ್ತಿ. ತಿಂದದ್ದರಿಂದ ಅಂತ ಹೇಳೋ ಹಾಗಿಲ್ಲ. ಯಾಕೆ ಬರತ್ತೆ ಅಂತ ನಮಗೂ ಗೊತ್ತಿಲ್ಲ."

ಅವ್ವ ಅವರ ಮುಖವನ್ನೇ ನೋಡಿದಳು. ಡಾಕ್ಟರೊಬ್ಬರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ಅವಳು ಕೇಳಿದ್ದು ಅದೇ ಮೊದಲು. ನಮ್ಮ ಬೀದಿಯ ಪ್ರತಿ ಮನೆಯವರಿಗೂ ಅದು ಗೊತ್ತಿತ್ತಲ್ಲ.

"ಎಷ್ಟು ದಿನದಿಂದ ಇದೆ ಇದು?" ಡಾಕ್ಟರು ನನ್ನನ್ನು ಕೇಳಿದರು.

ಅವ್ವನೇ ಹೇಳಿದಳು. "ಸೊಸೆ ಬಂದ ಒಂಬತ್ನೇ ದಿನದಿಂದ. ಐದಾರು ತಿಂಗ್ಳು."

"ಇಲ್ಲಮ್ಮ. ಹಳೇ ಹುಣ್ಣು ಮಾಗಿ ಅದರ ಮೇಲೆ ಮತ್ತೆ ಆಗಿರೋ ಗುರುತಿದೆ. ಎಂಟು ಹತ್ತು ತಿಂಗಳಾದರೂ ಆಗಿರಬೇಕು" ಎಂದು ಹೇಳಿ ಅವರು ಪಕ್ಕದ ಮಂಚಕ್ಕೆ ಹೋದರು.

ಅವ್ವ ಹಬ್ಬಗಳನ್ನು ಹಿಂದಕ್ಕೆ ಎಣಿಸುತ್ತಾ ಬೆರಳು ಮಡಚತೊಡಗಿದಳು. ಭೀಮನ ಅಮಾಸೆ, ಕಾರ ಹುಣ್ಣಿಮೆ, ಯುಗಾದಿ. ಆಮೇಲೆ ಮದುವೆ. ಅಲ್ಲಿ ಹೆಬ್ಬೆರಳು ಒಂದು ಕ್ಷಣ ನಿಂತಿತು. ನಿಂತು ಮುಂದಕ್ಕೆ ಹೋಯಿತು. ಶಿವರಾತ್ರಿ, ಸಂಕ್ರಾಂತಿ. ಬೆರಳು ಮುಗಿದವು. ತಲೆಯೆತ್ತಿ ನನ್ನನ್ನು ನೋಡಿದಳು.

"ಹೌದೇನ್ಲಾ?"

"ದೀಪಾವಳಿಯಿಂದ, ಅವ್ವ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಆ ಹೆಣ್ಣು ಒಲೆ ಮುಂದಿಂದ ಎದ್ದಾಗ ನೀ ನಡುಮನೇಲೇ ಬಿದ್ದಿದ್ಯಲ್ಲೋ" ಎಂದಳು. ಆಮೇಲೆ, ನನಗಲ್ಲ, ಕಿಟಕಿಗೆ ಹೇಳುವ ಹಾಗೆ, "ನಾ ಏನ್ ಪಾಪ ಕಟ್ಕೊಂಡೆ" ಎಂದಳು. ಇಲ್ಲಿ ನೆನಪು ಮತ್ತು ಡೈರಿ ಎರಡೂ ಒಂದೇ ಮಾತು ಹೇಳುತ್ತವೆ. ಕೊನೆಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದಳು. "ಗೌರಿ ಹಬ್ಬಕ್ಕೆ ಮೊದ್ಲು ಕರ್ಕೊಂಡ್ ಬಾ. ನಿಮ್ಮಣ್ಣ ಅಲ್ಲ. ನೀನೇ ಹೋಗು."

ಹತ್ತು ದಿನದ ಮೇಲೆ ಬಿಟ್ಟರು. ಮಾತ್ರೆ ಕಿತ್ತಲೆ ಬಣ್ಣದ್ದು. ನುಂಗಿದರೆ ಮೂತ್ರವೂ ಅದೇ ಬಣ್ಣ. ಹದಿನಾರಿದ್ದದ್ದು ಆರಕ್ಕೆ ಇಳಿದಿತ್ತು. ಕಾಲು ಇನ್ನೂ ನಡುಗುತ್ತಿದ್ದರೂ ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಕೆಂಗೇರಿ ಬಸ್ಸು ಹತ್ತಿದೆ. ಮೈಸೂರು ರಸ್ತೆಯಲ್ಲಿ, ಈಗ ದೀಪಾಂಜಲಿ ನಗರ ಇರುವ ಕಡೆ, ಹೊಟ್ಟೆ ಹಿಂಡಿತು.

"ಕಂಡಕ್ಟರ್, ಇಳೀಬೇಕು!"

"ಇಲ್ಲಿ ಸ್ಟಾಪ್ ಇಲ್ಲ ಸ್ವಾಮಿ."

"ನನಗಿದೆ!"

ಬಸ್ಸೆಲ್ಲ ನಕ್ಕಿತು, ಆದರೆ ನಿಂತಿತು. ರಸ್ತೆಯ ಪಕ್ಕದಲ್ಲೇ ವೃಷಭಾವತಿ ಹರಿಯುತ್ತಿತ್ತು. ಅದರ ಹೆಸರು ಹೇಳಿದರೆ ಮೂಗು ಮುಚ್ಚಿಕೊಳ್ಳುವ ಈಗಿನವರು ನಂಬಲಿಕ್ಕಿಲ್ಲ, ಆ ನೀರಿನಲ್ಲಿ ತಳದ ಮರಳು ಕಾಣುತ್ತಿತ್ತು. ದಡದ ಹೊಂಗೆ ಮರದಡಿ ಸುಧಾರಿಸಿಕೊಂಡು, ಮುಖ ತೊಳೆದು, ಮುಂದಿನ ಬಸ್ಸಿಗೆ ಕಾಯುತ್ತಾ ಏನು ಹೇಳಬೇಕೆಂದು ಮಾತು ಜೋಡಿಸಿದೆ. ಈಗಲೂ ಆ ನೀರು ಕನಸಿನಲ್ಲಿ ಬರುತ್ತದೆ.

ಅತ್ತಿಗೆ ಹಿತ್ತಲಲ್ಲಿ ಅವರೆ ಬಳ್ಳಿಗೆ ಕಡ್ಡಿ ನೆಡುತ್ತಿದ್ದಳು. ಜೋಡಿಸಿದ ಮಾತೆಲ್ಲ ಮರೆತುಹೋಯಿತು.

"ಅತ್ತಿಗೆ, ಕಾಯಿಲೆ ನೀವು ಬರೋಕ್ಕೆ ಮುಂಚೇನೇ ಇತ್ತು. ನನಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ."

ಅವಳು ಕಡ್ಡಿ ಊರಿ ಮಣ್ಣು ಒತ್ತಿದಳು. "ನಂಗೂ ಗೊತ್ತಿತ್ತು."

"ಹೇಗೆ?"

"ಮದ್ವೆ ದಿನ ನೀನು ನಮ್ಮ ಹುಲ್ಲಿನ ಮೆದೆ ಹಿಂದಕ್ಕೆ ಎಷ್ಟು ಸಲ ಹೋದೆ? ನಮ್ಮ ಹುಡ್ಗೀರೆಲ್ಲ ಎಣಿಸ್ತಿದ್ರು. ಗಂಡಿನ ತಮ್ಮ ಒಬ್ಬಟ್ಟು ಬಿಗಿಯಾಗಿ ಹೊಡೆದವ್ನೆ ಅಂತ ಒಂದೇ ನಗು. ನಾನು ಹಸೆ ಮೇಲೆ ಕೂತು ಕೇಳಿಸ್ಕೊಂಡಿದೀನಿ. ಇನ್ನೂ ತಾಳಿ ಬಿದ್ದಿರ್ಲಿಲ್ಲ."

"ಮತ್ತೆ ಅವ್ವನಿಗೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬೋರು? ನೀನು ಹೇಳ್ತೀಯ ಅಂತ ಕಾಯ್ತಿದ್ದೆ."

ಆ ಕೊನೆಯ ಮಾತು ಡೈರಿಯಲ್ಲಿ ಇಲ್ಲ. ಅವಳು ಆಡಿದಳೋ, ಆಡದೆ ನೋಡಿದ ನೋಟವನ್ನೇ ನಾನು ಮಾತಾಗಿ ಮಾಡಿಕೊಂಡೆನೋ, ಈಗ ಕೇಳಲು ಅವಳಿಲ್ಲ. ಹೋಗಿ ಮೂರು ವರ್ಷವಾಯಿತು. ಅಷ್ಟು ವರ್ಷದಲ್ಲಿ ಕಾಯಿಲೆ ಹೋಗಿ ಬಂದು ಮಾಡಿತು; ಮೇಷ್ಟರಾದೆ, ಬಾಗಿಲ ಪಕ್ಕ ಮೇಜು ಹಾಕಿಸಿಕೊಂಡು ಪಾಠ ಮಾಡಿದೆ, ನಿವೃತ್ತನಾದೆ. ನಾವಿಬ್ಬರೂ ಆ ಹಿತ್ತಲ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಪಕ್ಕದ ಮನೆಯ ಹುಡುಗಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಇದು ನೀನು ತಿಂದದ್ದಲ್ಲ, ಯಾರೂ ತಿನ್ನಿಸಿದ್ದೂ ಅಲ್ಲ. ಅವಳ ಅಜ್ಜಿ ಕೇಳಿಸಿಕೊಳ್ಳುವ ಹಾಗೆ, ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಬೇಕು. ನಾಳೆ ಹೋಗುತ್ತೇನೆ.

ಆ ದಿನ ಕೆಂಗೇರಿಯಿಂದ ಅತ್ತಿಗೆಯನ್ನು ಕರೆದುಕೊಂಡು ಬಂದಾಗ ಮಧ್ಯಾಹ್ನ ಇಳಿದಿತ್ತು. ಅವ್ವ ಹೊಸಿಲ ಮೇಲೆ ರಂಗೋಲಿ ಹಾಕಿ ಕಾಯುತ್ತಿದ್ದಳು. ಕ್ಷಮೆ ಕೇಳುವ ಮಾತು ಅವಳ ಬಾಯಿಗೆ ಬರುವಂಥದ್ದಲ್ಲ. "ಬಾರವ್ವ. ಬಲಗಾಲಿಟ್ಟು ಬಾ" ಎಂದಳು.

ಅತ್ತಿಗೆ ಹೊಸಿಲ ಈಚೆಗೇ ನಿಂತಳು. ಕಂಕುಳ ಗಂಟು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಈ ಸಲ ರಾಮಣ್ಣ ಮೊದ್ಲು ಹೋಗ್ಲಿ ಅತ್ತೆ. ಏನಾದ್ರೂ ಆದ್ರೆ ಅವನ ಕಾಲ್ಗುಣ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ನನಗೆ ನೋಡಲು ಪುರುಸೊತ್ತಿರಲಿಲ್ಲ. ಮಾಗಡಿ ರಸ್ತೆಯಿಂದ ಹಲ್ಲು ಕಚ್ಚಿಕೊಂಡು ಬಂದಿದ್ದೆ. ಯಾವ ಕಾಲು ಮೊದಲು ಇಟ್ಟೆನೋ ದೇವರೇ ಬಲ್ಲ, ಹೊಸಿಲು ಹಾರಿ, ನಡುಮನೆ ದಾಟಿ, ಹಿತ್ತಲ ಬಾಗಿಲಿಗೆ ಓಡಿ ಚೊಂಬು ಎತ್ತಿಕೊಂಡೆ. ಖಾಲಿ. ಹಿಂದೆ ಬಳೆಯ ಸದ್ದು ಕೇಳಿತು. ತವರಿನ ಗಂಟನ್ನು ಇನ್ನೂ ಕಂಕುಳಲ್ಲೇ ಇಟ್ಟುಕೊಂಡು ಅತ್ತಿಗೆ ಹಂಡೆಯಿಂದ ನೀರು ಮೊಗೆದು ಬಗ್ಗಿಸಿದಳು.

ಆ ದಿನದ ಪುಟ ಈಗ ನನ್ನ ಮುಂದಿದೆ. "ಆರು ಸಲ. ಚೊಂಬು ತುಂಬಿದೆ."